ಗೇಣುದ್ದದ ಸ್ಪಿಟ್‌ಫೈರ್

ವಿಮಾನವನ್ನು ಹಾರಿಸುವ ಭಾಗ್ಯ ಎಲ್ಲರಿಗೂ ಒದಗುವಂಥದಲ್ಲ. ಅದನ್ನು ಕಟ್ಟುವ ಭಾಗ್ಯವಾದರೋ ಬೆಂಗಳೂರಿನ ಎಚ್.ಎ.ಎಲ್.ನಂತಹ ಕಾರ್ಖಾನೆಗಳಲ್ಲಿ ಉದ್ಯೋಗದಲ್ಲಿರುವ ಕೆಲವರಿಗಷ್ಟೇ ಮೀಸಲು. ಆದರೆ ಊಟದ ಮೇಜಿನ ಒಂದು ಮೂಲೆ, ಒಳ್ಳೆಯ ದೀಪ, ಒಂದು ಚಿಮಟ, ಹರಿತವಾದ ಒಂದು ಬ್ಲೇಡು, ಇವೆಲ್ಲಕ್ಕಿಂತ ಮಿಗಿಲಾಗಿ ಎರಡು ಮೂರು ತಿಂಗಳ ತಾಳ್ಮೆ ಇದ್ದವರು ಯಾರೇ ಆಗಲಿ, ಯುದ್ಧಕಾಲದ ಒಂದು ಫೈಟರ್ ವಿಮಾನವನ್ನು ಅದರ ಸಕಲ ಅಂಗೋಪಾಂಗಗಳೊಡನೆ ಕಟ್ಟಿ ನಿಲ್ಲಿಸಬಹುದು. ಅದರ ಅಳತೆ ಮಾತ್ರ ಒಂದು ಗೇಣು.

ಇದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಸ್ಪಿಟ್‌ಫೈರ್ ವಿಮಾನದ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 36 ಅಡಿ 10 ಅಂಗುಲ. ಇದನ್ನು ನಲವತ್ತೆಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂಬತ್ತು ಅಂಗುಲಕ್ಕಿಂತ ತುಸು ಹೆಚ್ಚಾಗುತ್ತದೆ. ಮೂಗಿನಿಂದ ಬಾಲದವರೆಗಿನ ಉದ್ದ ಏಳೂವರೆ ಅಂಗುಲಕ್ಕೆ ಬರುತ್ತದೆ. ಈ ಒಂದು ಪ್ರಮಾಣವನ್ನು ರೆಕ್ಕೆಯಿಂದ ಹಿಡಿದು ಪೈಲಟನ ಸೊಂಟದ ಪಟ್ಟಿಯವರೆಗೆ ಎಲ್ಲಿಯೂ ತಪ್ಪದೆ ಪಾಲಿಸಿದಾಗ ಅದು ಪ್ರತಿಕೃತಿ, ತಪ್ಪಿದಾಗ ಆಟಿಕೆ.

ಇದನ್ನು ಬಾಲಲೀಲೆಯೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಅರಿಯುವುದು ಒಳಿತು. ತಲೆಯ ಮೇಲೆ ಹಾರುವ ವಿಮಾನ ಸ್ವಪಕ್ಷದ್ದೋ ಶತ್ರುವಿನದೋ ಎಂದು ಕ್ಷಣಮಾತ್ರದಲ್ಲಿ ಗುರುತಿಸಲು, ಯುದ್ಧಕಾಲದಲ್ಲಿ ಸೈನಿಕರಿಗೆ ಕಪ್ಪು ಬಣ್ಣದ ಪುಟ್ಟ ಪ್ರತಿಕೃತಿಗಳನ್ನು ತೋರಿಸಿ ತರಬೇತು ಕೊಡಲಾಗುತ್ತಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆಯು ಅಂತಹ ಐದು ಲಕ್ಷ ಪ್ರತಿಕೃತಿಗಳನ್ನು ಮಾಡಿಕೊಡುವಂತೆ ಶಾಲೆಯ ಮಕ್ಕಳನ್ನೇ ಕೇಳಿಕೊಂಡಿತು. ಅವುಗಳ ಪ್ರಮಾಣ 1:72. ಅಂದರೆ ಪ್ರತಿಕೃತಿಯ ಒಂದು ಅಂಗುಲಕ್ಕೆ ನಿಜದಲ್ಲಿ ಆರು ಅಡಿ. ಆಳುದ್ದದ ಮನುಷ್ಯನೊಬ್ಬ ಒಂದಂಗುಲಕ್ಕೆ ಇಳಿದಂತೆ. ಯುದ್ಧ ಮುಗಿದ ಮೇಲೆ ಇದೇ ಪ್ರಮಾಣ ಪ್ಲಾಸ್ಟಿಕ್ ಕಿಟ್ಟುಗಳಲ್ಲಿಯೂ ಹೆಚ್ಚು ಬಳಕೆಗೆ ಬಂದಿತು. 1953ರಲ್ಲಿ ಏರ್‌ಫಿಕ್ಸ್ ಕಂಪನಿಯು ಹೊರತಂದ ಎರಡು ಷಿಲಿಂಗಿನ ಸ್ಪಿಟ್‌ಫೈರ್ ಇಂಗ್ಲೆಂಡಿನ ಮನೆಮನೆಯನ್ನೂ ಸೇರಿತು. ಭಾರತದಲ್ಲಾದರೋ ಬಹುಕಾಲ ಎನ್.ಸಿ.ಸಿ. ವಾಯುವಿಭಾಗದ ಹುಡುಗರು ಬಾಲ್ಸಾ ಮರವನ್ನು ಕೆತ್ತಿ ಕಟ್ಟಿದ ವಿಮಾನಗಳೇ ಈ ಹವ್ಯಾಸದ ಆಧಾರವಾಗಿದ್ದವು. ಇಂದು ಕಿಟ್ಟು ಅಂಚೆಯಲ್ಲಿ ಮನೆಬಾಗಿಲಿಗೇ ಬರುತ್ತದೆ.

ಹೈದರಾಬಾದಿನ ಕನ್ನಡಿಗರ ಸಂಚಿಕೆಯಲ್ಲಿ ಬ್ರಿಟಿಷರ ಯುದ್ಧವಿಮಾನದ ಪ್ರಸ್ತಾಪ ಏಕೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರವು ಆ ವಿಮಾನದ ಮೈಮೇಲಿನ ಎರಡು ಅಕ್ಷರಗಳಲ್ಲಿದೆ.

ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ನಿಜಾಮ ಮೀರ್ ಉಸ್ಮಾನ್ ಅಲೀ ಖಾನರು ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿಗೆ ಡಿ.ಎಚ್.9ಎ ಎಂಬ ಬಾಂಬರ್ ವಿಮಾನಗಳ ವೆಚ್ಚವನ್ನು ಕೊಟ್ಟರು. ಅದಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರಾಯಿತು. 1918ರ ಅಕ್ಟೋಬರಿನಲ್ಲಿ ಅವುಗಳಲ್ಲೊಂದು ಜರ್ಮನರ ಕೈಸೆರೆಯಾಗಿ ಬರ್ಲಿನ್ನಿನ ಪ್ರದರ್ಶನಾಲಯ ಸೇರಿ, ಬಳಿಕ ಪೋಲೆಂಡಿಗೆ ಹೋಗಿ, 1977ರಲ್ಲಿ ಒಂದು ಸ್ಪಿಟ್‌ಫೈರಿನ ವಿನಿಮಯವಾಗಿ ಲಂಡನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಇನ್ನೂ ಎರಡು ಸ್ಕ್ವಾಡ್ರನ್ನುಗಳು ಈ ಊರಿನ ಹೆಸರನ್ನು ಹೊತ್ತವು. ಹರಿಕೇನ್ ಹಾರಿಸಿದ 253ನೆಯದು ಒಂದು. ಸ್ಪಿಟ್‌ಫೈರ್ ಹಾರಿಸಿದ 152ನೆಯದು ಇನ್ನೊಂದು. ಎರಡೂ 1940ರ ಬ್ರಿಟನ್ ಕದನದಲ್ಲಿ ಹೋರಾಡಿದವು. 152ರ ಲಾಂಛನದಲ್ಲಿದ್ದುದು ನಿಜಾಮರ ದಸ್ತಾರು, ಅಂದರೆ ಶಿರೋವೇಷ್ಟನ. ಧ್ಯೇಯವಾಕ್ಯ ‘ನಿಷ್ಠಾವಂತ ಮಿತ್ರ’. ಆಂಗ್ಲ ಸರ್ಕಾರವು 1918ರಲ್ಲಿ ನಿಜಾಮರಿಗೆ ದಯಪಾಲಿಸಿದ್ದ ಬಿರುದೂ ಅದೇ.

ಇನ್ನು ಮೈಸೂರು. 1941ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡಿನಲ್ಲಿ 129ನೆಯ ಸ್ಕ್ವಾಡ್ರನ್ ಪುನಃ ರಚಿತವಾಯಿತು. ಅದರ ಹೆಸರು ಮೈಸೂರು ಸ್ಕ್ವಾಡ್ರನ್. ಅದರ ಲಾಂಛನ, ಊರಿನಿಂದ ಬರುವ ಸರ್ಕಾರಿ ಕಾಗದಗಳ ನೆತ್ತಿಯ ಮೇಲೆ ಇಂದಿಗೂ ಕಾಣುವ ಗಂಡಭೇರುಂಡ! ಆಂಗ್ಲ ದಾಖಲೆಗಳಲ್ಲಿ ಅದು ‘ಗುಂಡ ಭೇರುಂಡ’ವಾಗಿರುವುದು ಬೇರೆ ಮಾತು, ಗಂಡ ಗುಂಡನಾದರೂ ಹಕ್ಕಿಗೆ ತಲೆ ಎರಡೇ. ಕೆಳಗಿದ್ದ ಧ್ಯೇಯವಾಕ್ಯ ‘ನ್ಯಾಯವನ್ನು ರಕ್ಷಿಸುವೆನು’ ಎಂಬುದು. 152ರ ವಿಮಾನಗಳ ಪಕ್ಕೆಯ ಮೇಲೆ ‘ಯು.ಎಂ.’ ಎಂದೂ, 129ರ ವಿಮಾನಗಳ ಮೇಲೆ ‘ಡಿ.ವಿ.’ ಎಂದೂ ಎರಡೆರಡು ಅಕ್ಷರಗಳಿರುತ್ತಿದ್ದವು.

ಆ ಕಾಲದಲ್ಲಿ ಐದು ಸಾವಿರ ಪೌಂಡು ಕೊಟ್ಟವರ ಹೆಸರಿನಲ್ಲಿ ಒಂದು ಸ್ಪಿಟ್‌ಫೈರ್ ಎಂಬುದು ಬ್ರಿಟಿಷ್ ಸರ್ಕಾರದ ಲೆಕ್ಕ. ನಿಜವಾದ ವೆಚ್ಚ ಅದಕ್ಕಿಂತ ಹೆಚ್ಚು. ರೂಪಾಯಿಗೆ ಒಂದೂವರೆ ಷಿಲಿಂಗಿನ ಅಂದಿನ ದರದಲ್ಲಿ ಅದು ಅರವತ್ತಾರು ಸಾವಿರ ರೂಪಾಯಿಗೂ ಮಿಕ್ಕಿತ್ತು. ಹಳೆಯ ಮೈಸೂರಿನಿಂದ ಬಂದು ಇಲ್ಲಿ ನೆಲೆಸಿದವರ ಹಿರಿಯರು ಮಹಾರಾಜರಿಗೆ ಕಂದಾಯ ಕಟ್ಟಿದವರು. ಬೀದರ್, ಗುಲ್ಬರ್ಗಾ, ರಾಯಚೂರುಗಳಿಂದ ಬಂದವರ ಹಿರಿಯರು ನಿಜಾಮರಿಗೆ ಕಟ್ಟಿದವರು. ಅರಸರ ಔದಾರ್ಯದ ಮೂಲ ರೈತನ ಕಣಜವೇ ತಾನೆ! ಹೀಗೆ ನೋಡಿದರೆ ಕಾಚಿಗುಡದ ಯಾವುದೇ ಕನ್ನಡ ಸಭೆಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರ ಅಜ್ಜಂದಿರು, ತಮಗೆ ಅರಿವಿಲ್ಲದೆಯೇ, ಇಂಗ್ಲೆಂಡಿನ ಆಕಾಶದಲ್ಲಿ ಅಕ್ಕಪಕ್ಕ ಹಾರಿದ ವಿಮಾನಗಳಿಗೆ ಪಾಲು ಕೊಟ್ಟವರು.

ಇಷ್ಟು ತಿಳಿದ ಮೇಲೆ ಕಟ್ಟುವವನು ಮೊದಲು ಮಾಡಬೇಕಾದ ಕೆಲಸ ಅಂಟಿನದಲ್ಲ, ಆಯ್ಕೆಯದು. ಸ್ಪಿಟ್‌ಫೈರ್ ಎಂಬುದು ಒಂದು ವಿಮಾನವಲ್ಲ, ಒಂದು ವಂಶ. 1936ರ ಮಾರ್ಚ್ 5ರಂದು ಮೊದಲ ಬಾರಿ ಹಾರಿದ ಈ ವಿಮಾನ ಯುದ್ಧ ಮುಗಿಯುವವರೆಗೂ ಬದಲಾಗುತ್ತಲೇ ಹೋಯಿತು. ಅದನ್ನು ರೂಪಿಸಿದ ಮಿಚೆಲ್ 1937ರಲ್ಲಿಯೇ ತೀರಿಕೊಂಡುದರಿಂದ ಯುದ್ಧದಲ್ಲಿ ಅದರ ಪರಾಕ್ರಮವನ್ನು ಕಾಣಲಿಲ್ಲ. 1940ರ ‘ಯು.ಎಂ.’ ಕಟ್ಟುವವರಿಗೆ ಬೇಕಾದುದು ಮೊದಲನೆಯ ಮಾರ್ಕು: ರೆಕ್ಕೆಯಲ್ಲಿ ಎಂಟು ಬ್ರೌನಿಂಗ್ ಮೆಷಿನ್‌ಗನ್ನುಗಳು, ಬೆನ್ನಿಗೆ ಕಡುಹಸಿರು ಮತ್ತು ಮಣ್ಣುಬಣ್ಣ. 1942ರ ‘ಡಿ.ವಿ.’ ಕಟ್ಟುವವರಿಗೆ ಐದನೆಯ ಮಾರ್ಕಿನ ‘ಬಿ’ ರೆಕ್ಕೆ ಬೇಕು: 20 ಮಿಲಿಮೀಟರಿನ ಎರಡು ಫಿರಂಗಿ, ನಾಲ್ಕು ಮೆಷಿನ್‌ಗನ್ನು. 1941ರ ಆಗಸ್ಟಿನಲ್ಲಿ ಮಣ್ಣುಬಣ್ಣ ಹೋಗಿ ಬೂದುಬಣ್ಣ ಬಂದಿತು, ಕಡುಹಸಿರು ಉಳಿಯಿತು, ಹೊಟ್ಟೆಯೂ ತಿಳಿಬೂದಾಯಿತು. 1942ರ ನಡುವಿನಲ್ಲಿ ಪಕ್ಕೆಯ ವೃತ್ತಚಿಹ್ನೆಯ ಹಳದಿ ಬಳೆ ತೆಳುವಾಯಿತು. ಆದುದರಿಂದ ಪ್ರತಿಕೃತಿಗೆ ಹೆಸರಿದ್ದರೆ ಸಾಲದು, ತೇದಿಯೂ ಬೇಕು. ಇಲ್ಲಿ 1942ರ ಆಗಸ್ಟ್ 19ನ್ನು ಹಿಡಿಯೋಣ. ಅಂದು ಮಿತ್ರರಾಷ್ಟ್ರಗಳು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ದಾಳಿ ನಡೆಸಿ ಅಪಾರ ನಷ್ಟ ಅನುಭವಿಸಿದವು. ಮೈಸೂರು ಸ್ಕ್ವಾಡ್ರನ್ ಅಂದಿನ ದಾಳಿಯಲ್ಲಿ ಪಾಲ್ಗೊಂಡಿತ್ತು.

ಪೆಟ್ಟಿಗೆ ಬಿಚ್ಚಿದೊಡನೆ ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನ ಎಣ್ಣೆಯ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಕೆಲಸದ ಆರಂಭ ಒಳಗಿನಿಂದ, ಅಂದರೆ ಕಾಕ್‌ಪಿಟ್ಟಿನಿಂದ. ಒಳಮೈಗೆ ಬೂದುಮಿಶ್ರಿತ ಹಸಿರು, ಪೈಲಟನ ಆಸನಕ್ಕೆ ಕೆಂಗಂದು, ಉಪಕರಣ ಫಲಕಕ್ಕೆ ಕಪ್ಪು. ಫಲಕದ ಮಧ್ಯದ ಆರು ಮುಖ್ಯ ಉಪಕರಣಗಳು ನಿಜದಲ್ಲಿ ಅಂಗೈಯಗಲದವು. ಇಲ್ಲಿ ಒಂದೊಂದೂ ಎರಡು ಮಿಲಿಮೀಟರನ್ನೂ ಮುಟ್ಟವು. ಮುಳ್ಳುಗಳನ್ನು ಸೂಜಿಮೊನೆಯಿಂದ ಗೀರಿ ಬಿಳುಪು ಕಾಣಿಸಬೇಕು, ಗಾಜಿನ ಬದಲು ಒಂದೊಂದು ತೊಟ್ಟು ಪಾರದರ್ಶಕ ವಾರ್ನಿಷು ಬಿಡಬೇಕು. ಪೈಲಟನ ಭುಜದ ಪಟ್ಟಿ ಒಂದು ಮಿಲಿಮೀಟರ್ ಅಗಲ. ಚಾಕೊಲೇಟಿನ ತಗಡುಕಾಗದವನ್ನು ಸೀಳಿದರೆ ಅದು ಸಿದ್ಧ. ಇಷ್ಟೆಲ್ಲ ಮಾಡಿ ಎರಡು ಪಕ್ಕೆಗಳನ್ನು ಕೂಡಿಸಿದ ಮೇಲೆ ಒಳಗಿನದು ಹತ್ತರಲ್ಲಿ ಒಂದು ಪಾಲೂ ಕಾಣುವುದಿಲ್ಲ. ಆದರೂ ಮಾಡುತ್ತಾರೆ. ಗರ್ಭಗುಡಿಯ ಹಿಂಗೋಡೆಯನ್ನೂ ಕೆತ್ತಿದ ಶಿಲ್ಪಿಗಳ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಕ್ಕೆಗಳ ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 400, 600, 1000 ಎಂದು ನಯವಾಗುತ್ತ ಹೋಗುವ ವಾಟರ್ ಪೇಪರಿನಿಂದ ನೀರು ಹಚ್ಚಿ ತಿಕ್ಕಬೇಕು. ರಾಣಿಗಂಜಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಅದು ದೊರೆಯುತ್ತದೆ. ಬೆರಳು ಆಡಿಸಿದರೆ ಕೂಡುಗೆರೆ ತಿಳಿಯಬಾರದು. ರೆಕ್ಕೆ ಜೋಡಿಸುವಾಗ ಹೊಸಬರು ಎಡವುವುದು ಸಾಮಾನ್ಯ. ಸ್ಪಿಟ್‌ಫೈರಿನ ರೆಕ್ಕೆ ಬುಡದಿಂದ ತುದಿಗೆ ಆರು ಡಿಗ್ರಿ ಮೇಲಕ್ಕೆ ಏರಿರುತ್ತದೆ. ರಟ್ಟನ್ನು ಆ ಕೋನಕ್ಕೆ ಕತ್ತರಿಸಿಕೊಂಡು ಎರಡೂ ಕಡೆ ಆನಿಸಿ, ಅಂಟು ಬಲಿಯುವವರೆಗೆ ರಾತ್ರಿಯಿಡೀ ಹಾಗೆಯೇ ಬಿಡುವುದು ಕ್ಷೇಮ. ಒಂದು ಡಿಗ್ರಿ ಕುಸಿದರೂ ವಿಮಾನ ಮಳೆಯಲ್ಲಿ ನೆನೆದ ಕಾಗೆಯಂತೆ ಕಾಣುತ್ತದೆ.

ಬಣ್ಣದ ಕೆಲಸದಲ್ಲಿ ಹೈದರಾಬಾದಿನ ಹವೆಯೂ ಒಬ್ಬ ಪಾಲುದಾರ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಏರ್‌ಬ್ರಷ್ಷಿನ ಮೂತಿಯಲ್ಲಿಯೇ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ. ತಲಪಿದರೂ ಹುಡಿಯಾಗಿ ತಲಪುತ್ತದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣದ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಮಬ್ಬು ಕವಿಯುತ್ತದೆ. ಬೇಸಗೆಯಲ್ಲಿ ಮುಂಜಾನೆ, ಮಳೆಗಾಲದಲ್ಲಿ ಹೊಳವಾದ ದಿನ, ಉಳಿದಂತೆ ದಸರೆಯಿಂದ ಶಿವರಾತ್ರಿಯವರೆಗಿನ ಅವಧಿ ಪ್ರಶಸ್ತ. ಮೊದಲು ಹೊಟ್ಟೆಯ ತಿಳಿಬಣ್ಣ, ಅನಂತರ ಬೆನ್ನಿನ ಬೂದು, ಕೊನೆಗೆ ಹಸಿರು. ಇದರ ಮೇಲೆ ಹೊಳಪಿನ ಲೇಪ ಕೊಟ್ಟು, ನೀರಿನಲ್ಲಿ ನೆನೆಸಿದ ಡೆಕಾಲುಗಳನ್ನು ಜಾರಿಸಿ ಕೂರಿಸಬೇಕು. ಪಕ್ಕೆಯ ವೃತ್ತದಲ್ಲಿ ಕೆಂಪು, ಬಿಳಿ, ನೀಲಿ, ಹಳದಿ. ರೆಕ್ಕೆಯ ಬೆನ್ನಿನ ಮೇಲಿನದರಲ್ಲಿ ಕೆಂಪು, ನೀಲಿ ಮಾತ್ರ. ಮೆಷಿನ್‌ಗನ್ನುಗಳ ಬಾಯಿಗೆ ಕೆಂಪು ಬಟ್ಟೆಯ ತೇಪೆ, ಮೇಲೇರುವಾಗ ಒಳಗಿನ ಯಂತ್ರ ಹೆಪ್ಪುಗಟ್ಟದಿರಲೆಂದು. ಪಕ್ಕೆಯಿಂದ ಬಾಲದ ರೆಕ್ಕೆಯ ತುದಿಗೆ ಎಳೆದ ರೇಡಿಯೋ ತಂತಿ ನಿಜದಲ್ಲಿಯೇ ಸಣ್ಣದು. ಕಿಟ್ಟಿನಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಕಾಯಿಸಿ, ಮೆತ್ತಗಾದೊಡನೆ ಎರಡು ಕೈಯಿಂದ ಎಳೆದರೆ ಕೂದಲೆಳೆಯಷ್ಟು ತೆಳುವಾದ ನೂಲು ಬರುತ್ತದೆ. ಕೊನೆಯಲ್ಲಿ ಹೊಗೆಕೊಳವೆಗಳ ಹಿಂದೆ ಕರಿಯ ಛಾಯೆ, ಪೈಲಟ್ ಹತ್ತುವ ಎಡರೆಕ್ಕೆಯ ಬುಡದಲ್ಲಿ ಬಣ್ಣ ಸವೆದ ಗುರುತು. ಇಲ್ಲಿ ಕೈ ಬಿಗಿಹಿಡಿಯದವರ ವಿಮಾನ ಗುಜರಿಯಿಂದ ತಂದಂತಾಗುತ್ತದೆ.

ಈ ಸಂಚಿಕೆಯ ಓದುಗರು ಆರೋಗ್ಯದ ಮಾತನ್ನೂ ನಿರೀಕ್ಷಿಸುವುದು ಸಹಜ. ನಲವತ್ತರ ಆಚೆಗೆ ಈ ಹವ್ಯಾಸಕ್ಕೆ ಇಳಿದವರಿಗೆ ಮೊದಲು ಎದುರಾಗುವುದು ಚಾಳೀಸು. ಕಣ್ಣಿನ ಮಸೂರದ ನಮ್ಯತೆ ತಗ್ಗಿ ಹತ್ತಿರದ ವಸ್ತು ಮಸುಕಾಗುವುದು ವಯೋಧರ್ಮ, ರೋಗವಲ್ಲ. ಪುಸ್ತಕಕ್ಕೆ ಕೊಟ್ಟ ಕನ್ನಡಕ ಈ ಕೆಲಸಕ್ಕೆ ಸಾಲದಿರಬಹುದು. ಎಷ್ಟು ದೂರದಲ್ಲಿ ಹಿಡಿದು ಕೆಲಸ ಮಾಡುತ್ತೀರೆಂಬುದನ್ನು ಅಳೆದು ಕಣ್ಣಿನ ವೈದ್ಯರಿಗೆ ತಿಳಿಸಿದರೆ ಅವರು ತಕ್ಕ ಮಸೂರ ಬರೆದುಕೊಡುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ದೂರಕ್ಕೆ ನೋಡಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಕುತ್ತಿಗೆ ಬೆನ್ನುಗಳನ್ನು ಸಡಿಲಿಸಬೇಕು.

ಹೆಚ್ಚಿನ ಎಚ್ಚರ ಬೇಕಾದುದು ಉಸಿರಿಗೆ. ಪ್ಲಾಸ್ಟಿಕ್ ಅಂಟು, ತಿನ್ನರು, ಎನಾಮಲ್ ಇವುಗಳ ಆವಿಯಿಂದ ತಲೆನೋವು, ತಲೆಸುತ್ತು ಬರುತ್ತವೆ. ತಲೆ ಭಾರವಾಯಿತೆಂದರೆ ‘ಇದೊಂದು ಮುಗಿಸಿಬಿಡೋಣ’ ಎನ್ನದೆ ಹೊರಗೆ ನಡೆಯಬೇಕು. ಎ.ಸಿ. ಹಾಕಿ ಕಿಟಕಿ ಮುಚ್ಚಿದ ಅಪಾರ್ಟ್‌ಮೆಂಟಿನ ಕೊಠಡಿ ಈ ಕೆಲಸಕ್ಕೆ ಸಲ್ಲದು. ಆಸ್ತಮಾ ಇರುವವರು, ಗರ್ಭಿಣಿಯರು, ಎಳೆಯ ಮಕ್ಕಳು ಆ ಕೊಠಡಿಯಿಂದ ದೂರವಿರುವುದೇ ಲೇಸು. ಒಣಗಿದ ಬಣ್ಣವನ್ನು ಹಾಗೆಯೇ ತಿಕ್ಕಬಾರದು, ನೀರು ಹಚ್ಚಿ ತಿಕ್ಕಬೇಕು. ಹಳೆಯ ಕೆಲವು ಬಣ್ಣಗಳಲ್ಲಿ ಸೀಸವಿರುತ್ತಿತ್ತೆಂಬುದನ್ನು ಮರೆಯಬಾರದು. ಫೆವಿಕ್ವಿಕ್ಕಿನಂತಹ ಅಂಟಿನಿಂದ ಬೆರಳು ಬೆರಳಿಗೆ ಹತ್ತಿಕೊಂಡರೆ ಜಗ್ಗಿ ಬಿಡಿಸದೆ ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸುವುದು. ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರು ಹಾಕುತ್ತ, ರೆಪ್ಪೆಯನ್ನು ಬಲವಂತವಾಗಿ ತೆರೆಯದೆ, ಕೂಡಲೇ ವೈದ್ಯರಲ್ಲಿಗೆ ಹೋಗುವುದು. ಮಧುಮೇಹಿಗಳು ಬ್ಲೇಡಿನ ಚಿಕ್ಕ ಗಾಯವನ್ನೂ ಉದಾಸೀನ ಮಾಡಕೂಡದು. ಕಾಫಿ ಕುಡಿದೊಡನೆ ಕೈ ತುಸು ನಡುಗುವವರು ಡೆಕಾಲಿನ ಕೆಲಸವನ್ನು ಕಾಫಿಗೆ ಮುಂಚೆಯೇ ಮುಗಿಸಿಕೊಳ್ಳಲಿ. ಆದರೆ ಹಿಂದೆ ಇಲ್ಲದ ನಡುಕ ಹೊಸದಾಗಿ ಕಾಣಿಸಿಕೊಂಡು ನಿಲ್ಲದಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ತೋರಿಸಿಕೊಳ್ಳಬೇಕು.

ಇನ್ನು ಉಳಿದದ್ದು ಗಂಡಭೇರುಂಡ. ಕನ್ನಡಿಗನೊಬ್ಬ ಮೈಸೂರು ಸ್ಕ್ವಾಡ್ರನ್ನಿನ ವಿಮಾನವನ್ನು ಕಟ್ಟಿ ಮುಗಿಸಿದಾಗ, ಎರಡು ತಲೆಯ ಆ ಹಕ್ಕಿಯನ್ನು ಮೂಗಿನ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯಬೇಕೆಂಬ ಆಸೆ ಹುಟ್ಟದಿರದು. ನೋಡಲು ಬಂದ ನೆಂಟರೂ ಅದನ್ನೇ ಕೇಳುತ್ತಾರೆ: ಎಲ್ಲಿದೆ ನಮ್ಮ ಲಾಂಛನ? ಆದರೆ ಯುದ್ಧಕಾಲದ ಫೈಟರುಗಳ ಮೈಮೇಲೆ ಸ್ಕ್ವಾಡ್ರನ್ನಿನ ಲಾಂಛನವನ್ನು ಬರೆಯುವುದು ವಾಡಿಕೆಯಾಗಿರಲಿಲ್ಲ. ಅದರ ಸ್ಥಾನ ಕಾಗದಪತ್ರಗಳಲ್ಲಿ, ಗೋಡೆಯ ಮೇಲೆ. ಆಯಾ ವಿಮಾನದ ಛಾಯಾಚಿತ್ರದಲ್ಲಿ ಕಂಡದ್ದನ್ನು ಮಾತ್ರ ಬರೆಯುವುದು ಈ ಹವ್ಯಾಸದ ನಿಯಮ. ಇದಕ್ಕೆ ವಿರುದ್ಧವಾಗಿ, ಬರ್ಮಾ ರಂಗಕ್ಕೆ ಬಂದ 152ನೆಯ ಹೈದರಾಬಾದ್ ಸ್ಕ್ವಾಡ್ರನ್ನಿನ ಎಂಟನೆಯ ಮಾರ್ಕಿನ ಸ್ಪಿಟ್‌ಫೈರುಗಳ ಪಕ್ಕೆಯ ಮೇಲೆ ವೃತ್ತವನ್ನು ಹಾಯ್ದು ನೆಗೆಯುವ ಕರಿಚಿರತೆಯ ಚಿತ್ರವಿದ್ದುದು ಛಾಯಾಚಿತ್ರಗಳಲ್ಲಿ ಸ್ಪಷ್ಟವಾಗಿದೆ. ಅಲ್ಲಿ ವೃತ್ತದ ನಡುವಿನ ಕೆಂಪನ್ನೇ ತೆಗೆದುಹಾಕಿದ್ದರು, ಜಪಾನೀಯರ ಕೆಂಪು ಬಿಂಬವೆಂದು ಯಾರೂ ಭ್ರಮಿಸದಿರಲೆಂದು. ಚಿರತೆಯನ್ನು ಬರೆಯಬಹುದು. ಭೇರುಂಡವನ್ನು ಆಸೆಗಾಗಿ ಬರೆಯಲಾಗದು.

ತೇದಿಯನ್ನು ಹಿಡಿದುಕೊಂಡವನಿಗೆ ಇನ್ನೊಂದು ತೊಡಕೂ ಎದುರಾಗುತ್ತದೆ. 1942ರ ಆಗಸ್ಟ್ 19. ಅದಕ್ಕೆ ಹನ್ನೊಂದು ದಿನ ಮುಂಚೆ ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಗಿತ್ತು. ‘ನ್ಯಾಯವನ್ನು ರಕ್ಷಿಸುವೆನು’ ಎಂಬ ವಾಕ್ಯವನ್ನು ಧರಿಸಿದ ಮೈಸೂರಿನ ಹೆಸರಿನ ವಿಮಾನಗಳು ಡಿಯೆಪ್ಪಿನ ಮೇಲೆ ಹಾರುತ್ತಿದ್ದಾಗ, ಮೈಸೂರು ಸಂಸ್ಥಾನದಲ್ಲಿಯೇ ಜನ ಬೀದಿಗೆ ಇಳಿದಿದ್ದರು. ಮರುತಿಂಗಳು ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಆ ಹಳ್ಳಿಯ ಐವರನ್ನು ಗಲ್ಲಿಗೇರಿಸಲಾಯಿತು. ಸ್ಪಿಟ್‌ಫೈರಿನಲ್ಲಿ ಕುಳಿತ ತರುಣ ಪೈಲಟ್ ನಾಜಿಗಳ ವಿರುದ್ಧ ಪ್ರಾಣವನ್ನು ಒತ್ತೆಯಿಟ್ಟವನು. ಆತನ ನ್ಯಾಯ ಸುಳ್ಳಲ್ಲ. ಈಸೂರಿನವರ ನ್ಯಾಯವೂ ಸುಳ್ಳಲ್ಲ. ಎರಡು ತಲೆಯ ಹಕ್ಕಿ ಆ ವರ್ಷ ಎರಡು ದಿಕ್ಕಿಗೆ ನೋಡುತ್ತಿತ್ತು.

ಆದುದರಿಂದ ಬಲ್ಲವರು ಹಕ್ಕಿಯನ್ನು ವಿಮಾನದ ಮೇಲೆ ಬರೆಯದೆ ಪೀಠದ ಮೇಲೆ ಬರೆಯುತ್ತಾರೆ. ತೇಗದ ಹಲಗೆಯೊಂದಕ್ಕೆ ಪಾಲಿಶ್ ಹಾಕಿ, ಒಂದು ಮೂಲೆಯಲ್ಲಿ ಗಂಡಭೇರುಂಡ, ಅದರ ಕೆಳಗೆ ಕನ್ನಡದಲ್ಲಿ ‘129ನೆಯ ಮೈಸೂರು ಸ್ಕ್ವಾಡ್ರನ್, 19 ಆಗಸ್ಟ್ 1942’. ಈಸೂರಿನ ಹೆಸರನ್ನೂ ಅಲ್ಲಿಯೇ ಒಂದು ಸಾಲಿನಲ್ಲಿ ಸೇರಿಸುವುದು ಕಟ್ಟಿದವರ ಇಚ್ಛೆ. ಸೇರಿಸಿದರೆ ಮೊಮ್ಮಕ್ಕಳು ಅದೇನೆಂದು ಕೇಳಿಯೇ ಕೇಳುತ್ತಾರೆ. ಮೇಲೊಂದು ಗಾಜಿನ ಪೆಟ್ಟಿಗೆ ಬೇಕು. ಈ ಊರಿನ ಧೂಳನ್ನು ಬಟ್ಟೆಯಿಂದ ಒರೆಸಹೋದರೆ ಮೊದಲು ಹೋಗುವುದು ಆ ಕೂದಲೆಳೆಯ ತಂತಿ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಟ್ಟರೆ ಡೆಕಾಲಿನ ಬಿಳುಪು ಹಳದಿಗೆ ತಿರುಗುತ್ತದೆ.

ಕಪಾಟಿನಲ್ಲಿ ಪಕ್ಕಕ್ಕೆ ಇನ್ನೊಂದು ಗೇಣು ಜಾಗವಿದ್ದರೆ ಕರಿಚಿರತೆಯ ‘ಯು.ಎಂ.’ ಅಲ್ಲಿ ನಿಲ್ಲಬಹುದು. ಅದರಾಚೆಗೆ ಮತ್ತೊಂದಕ್ಕೂ ಎಡೆ ಬಿಡುವವರುಂಟು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮರ ಸಂಸ್ಥಾನವನ್ನು ಪ್ರವೇಶಿಸಿದಾಗ, ಅದಕ್ಕೆ ಬೆಂಬಲವಾಗಿ ಈ ಆಕಾಶದಲ್ಲಿ ಹಾರಿದವು ಭಾರತೀಯ ವಾಯುಪಡೆಯ ಟೆಂಪೆಸ್ಟ್ ಫೈಟರುಗಳು. ಐದು ದಿನದಲ್ಲಿ ಎಲ್ಲವೂ ಮುಗಿಯಿತು. ಬೀದರ್, ಗುಲ್ಬರ್ಗಾ, ರಾಯಚೂರುಗಳ ದಾರಿ ಬೇರೆಯಾಯಿತು. ಅದರ ರೆಕ್ಕೆ 41 ಅಡಿ. ನಲವತ್ತೆಂಟರಲ್ಲಿ ಒಂದು ಪಾಲಿಗೆ ಹತ್ತೂಕಾಲು ಅಂಗುಲವಾಗುವುದರಿಂದ, ಅದಕ್ಕೆ ಗೇಣಿನ ಮೇಲೆ ಇನ್ನೂ ಎರಡು ಬೆರಳು ಜಾಗ ಬೇಕು.